ಬೆರಳಿಗೆ ಹತ್ತು ಸಾವಿರ

ನವೆಂಬರ್ 9, ಶನಿವಾರ

ಸಂಜಯ ಬಂದಿದ್ದ. ಖಾನಾಪುರದ ಒಂದು ಪತ್ತಿನ ಸಂಘದಲ್ಲಿ ಕೆಲಸ, ಮನೆ ನಂದಗಡದಲ್ಲಿ. ಎರಡು ವರ್ಷದ ಹಿಂದೆ ಅವನ ಜೀಪು ಹುಣಸೆ ಮರಕ್ಕೆ ಬಡಿದಾಗ ವಿಮಾ ಕಂಪನಿಯ ಪರವಾಗಿ ನಷ್ಟದ ಅಂದಾಜು ಬರೆದವನು ನಾನು. ಅವನು ಕೇಳಿದ್ದರಲ್ಲಿ ಅರ್ಧದಷ್ಟೇ ಬರೆದಿದ್ದೆ. ಅಂಥವರು ಸಾಮಾನ್ಯವಾಗಿ ಮತ್ತೆ ಮುಖ ತೋರಿಸುವುದಿಲ್ಲ.

"ನೀವು ಕಡಿಮಿ ಬರದ್ರಿ, ಆದ್ರ ಖರೇ ಬರದ್ರಿ. ಅದಕ್ಕ ನಿಮ್ಮ ಕಡೇನ ಬಂದೀನ್ರಿ," ಎಂದ.

ವಿಷಯ ಸಣ್ಣದು. ಅವನ ತಂದೆ ಸಿದರಾಯ ಬೇಸಿಗೆಯಲ್ಲಿ ತೀರಿಕೊಂಡರು. ಹೊಲ, ಮನೆ ಸಂಜಯನ ಹೆಸರಿಗೆ ಆಗಬೇಕು. ಅವನ ತಂಗಿ ಪ್ರಮಿಳಾ ಇದೇ ಇಪ್ಪತ್ತೆಂಟಕ್ಕೆ ಹಕ್ಕುಸೋಡ ಪತ್ರಕ್ಕೆ, ಅಂದರೆ ಪಾಲು ಬಿಟ್ಟುಕೊಟ್ಟೆನೆಂಬ ಕಾಗದಕ್ಕೆ, ಸಹಿ ಹಾಕುವವಳಿದ್ದಾಳೆ. ಬದಲಿಗೆ ಅವಳು ಕೇಳಿದ್ದು ಒಂದೇ: ಅಪ್ಪನ ಹಳೆಯ ಸೈಕಲ್ಲು. ಸಂಜಯ ಒಯ್ಯಿ ಅಂದಿದ್ದಾನೆ. ಆಮೇಲೆ ಸಂಘದ ಗೆಳೆಯನೊಬ್ಬ ಮೊಬೈಲಿನಲ್ಲಿ ಅಂಥದೇ ಸೈಕಲ್ಲಿನ ಚಿತ್ರ ತೋರಿಸಿ, ಇದು ಪರದೇಶದ ರೇಸ್ ಸೈಕಲ್ಲು, ಲಕ್ಷಗಟ್ಟಲೆ ಹೋಗುತ್ತದೆ ಎಂದಿದ್ದಾನೆ. ಈಗ ಸಂಜಯನಿಗೆ ನಿದ್ದೆ ಇಲ್ಲ. ಇಪ್ಪತ್ತು ಮೂವತ್ತು ಸಾವಿರದ ಒಳಗಿದ್ದರೆ ತಂಗಿ ಒಯ್ಯಲಿ. ಅದಕ್ಕೂ ಮೇಲಿದ್ದರೆ ಮಾರಿ ಅರ್ಧ ಅರ್ಧ. ಅವಳು ಮಾರುವುದಿಲ್ಲ ಎನ್ನುತ್ತಾಳಂತೆ. ಹಾಗಾಗಿ ಒಂದು ಸಂಖ್ಯೆ ಬೇಕು, ಇಬ್ಬರೂ ಒಪ್ಪುವ ಮೂರನೆಯವನಿಂದ.

ಸೈಕಲ್ಲಿಗೆ ನಾನು ಎಂದೂ ಬೆಲೆ ಕಟ್ಟಿಲ್ಲ. ಆದರೆ ಉಕ್ಕು ಉಕ್ಕೇ. ಒಪ್ಪಿಕೊಂಡೆ.

ಅವನು ಹೋದ ಮೇಲೆ ನನ್ನ ಹೆಂಡತಿ ಸುಹಾಸಿನಿ ನಮ್ಮ ಕಾಗದ ಎಲ್ಲಿಗೆ ಬಂತು ಎಂದು ಕೇಳಿದಳು. ಅಪ್ಪ ನೇಮಣ್ಣ ಜುಲೈನಲ್ಲಿ ಹೋದರು. ಅವರು ಕಟ್ಟಿಸಿದ ಈ ರಾಮತೀರ್ಥ ನಗರದ ಮನೆ ನನ್ನ ಹೆಸರಿಗೆ ಆಗಬೇಕು. ಡಿಸೆಂಬರ್ ಎರಡಕ್ಕೆ ನನ್ನ ತಂಗಿ ಪೂನಮ್ ಸಾಂಗ್ಲಿಯಿಂದ ಬಂದು ಸಹಿ ಹಾಕುತ್ತಾಳೆ. ವಕೀಲರು ಕರಡು ಕೊಟ್ಟಾಗಿದೆ. ಸುಹಾಸಿನಿ ಅವಳಿಗೆ ಉಡಿಸಲು ಸೀರೆಯನ್ನೂ ತಂದಿಟ್ಟಿದ್ದಾಳೆ, ಒಳ್ಳೆಯದನ್ನೇ. ಇದರಲ್ಲಿ ಅಂದಾಜು ಮಾಡುವಂಥದ್ದು ಏನೂ ಇಲ್ಲ.

ನವೆಂಬರ್ 10, ರವಿವಾರ

ನಂದಗಡ. ಮನೆಯ ಹಿಂಭಾಗದ ಕೋಣೆ. ಗೋಡೆಯ ಎರಡು ಗೂಟಗಳ ಮೇಲೆ ಗೋಣಿಚೀಲ ಹೊದ್ದು ಅದು ಕೂತಿತ್ತು. ಚೀಲ ತೆಗೆದಾಗ ಮೊದಲು ಕಂಡದ್ದು ಮುಂಚಕ್ರ ಹಿಡಿಯುವ ಕವಲಿನ ಕ್ರೋಮ್, ನಂತರ ಮಾಸಿದ ತಿಳಿನೀಲಿ ಬಣ್ಣ. ಕೊಳವೆಗಳು ಕೂಡುವ ಕಡೆ ಉಕ್ಕಿನ ಎಲೆಯಂಥ ಬಂಧಗಳು, ಅವುಗಳ ಅಂಚಿಗೆ ಯಾರೋ ಕೈಯಲ್ಲೇ ಎಳೆದ ಕೆಂಪು ಗೆರೆ. ಗೆರೆ ಒಂದು ಕಡೆ ಸ್ವಲ್ಪ ನಡುಗಿದೆ. ಎತ್ತಿ ನೋಡಿದೆ. ಉಕ್ಕು ಇಷ್ಟು ಹಗುರ ಇರಬಲ್ಲದು ಎಂದು ಕೈ ನಂಬಲಿಲ್ಲ.

ಅದರ ಮೇಲೆ ಸಿದರಾಯನ ಕೈವಾಡ: ಹಿಂದೆ ಬುತ್ತಿ ಕಟ್ಟಲು ಕ್ಯಾರಿಯರ್, ಸ್ಪ್ರಿಂಗಿನ ಅಗಲ ಸೀಟು, ಡೈನಮೋ, ಗಂಟೆ. ರೇಸಿನ ಕುದುರೆಗೆ ಟಾಂಗಾ ಕಟ್ಟಿದ ಹಾಗೆ.

ಸಂಜಯನ ತಾಯಿ ಭೀಮಕ್ಕ ಹೊಸ್ತಿಲಲ್ಲಿ ಕೂತೇ ಕಥೆ ಹೇಳಿದರು. ಗೋವಾದಿಂದ ಘಟ್ಟ ಹತ್ತಿ ಬಂದ ಒಬ್ಬ ಬಿಳಿಯ ಖಾನಾಪುರ ಸ್ಟೇಶನ್ನಿನಲ್ಲಿ ಜ್ವರ ಬಂದು ಮಲಗಿದ. ಸಿದರಾಯ ಆಗ ದೇಸೂರಿನ ರೈಲ್ವೆ ಗೇಟ್ ಕಾಯುತ್ತಿದ್ದವರು. ಮನೆತನದ ಕಸುಬು ಕುರಿ ಕಾಯುವುದು. ಆ ಬಿಳಿಯನನ್ನು ಆಸ್ಪತ್ರೆಗೆ ಮುಟ್ಟಿಸಿದವರೂ ಅವರೇ, ಊರಿಗೆ ಹೋಗಲು ಅವನಿಗೆ ಹಣ ಬೇಕಾದಾಗ ಸೈಕಲ್ಲು ಕೊಂಡವರೂ ಅವರೇ.

"ನಾಕ ಕುರಿ ಮಾರಿ ಈ ಒಂದ ಕಬ್ಬಣದ ಕುರಿ ಹೊಡ್ಕೊಂಡ ಬಂದ," ಎಂದರು ಭೀಮಕ್ಕ. "ಉಣ್ಣೀನೂ ಇಲ್ಲ, ಮರೀನೂ ಇಲ್ಲ."

ಚಹಾ ಬಂತು. ಬೇಡ ಎಂದೆ. ಅಂದಾಜು ಹೇಳುವ ತನಕ ಆ ಮನೆಯ ನೀರನ್ನೂ ಮುಟ್ಟುವುದಿಲ್ಲ, ಇದು ಕಸುಬಿಗೆ ಬಂದ ದಿನದಿಂದ ನಾನು ಇಟ್ಟುಕೊಂಡ ನಿಯಮ. ವಿವರಿಸಿದೆ. ಭೀಮಕ್ಕ ಬಟ್ಟಲನ್ನು ನನ್ನ ಮುಂದೆಯೇ ಇಟ್ಟರು.

"ಚಹಾಕ್ಕ ನಾವು ಕಿಮ್ಮತ್ತ ಕಟ್ಟಂಗಿಲ್ರೀ, ಸಾಹೇಬ್ರ."

ಆದರೂ ಕುಡಿಯಲಿಲ್ಲ. ಮೊದಲ ದಿನದ ಲೆಕ್ಕಕ್ಕೆ ಸಾಕಷ್ಟು ಫೋಟೋ ತೆಗೆದಿದ್ದೇನೆ.

ನವೆಂಬರ್ 14, ಗುರುವಾರ

ನಾಲ್ಕು ದಿನ ಓದಿದೆ. ಕೊಳವೆಯ ಮೇಲಿನ ಚೀಟಿ ಮುಕ್ಕಾಲು ಹರಿದಿದೆ, ಆದರೆ ಸೀಟಿನ ಕಂಬದ ದಪ್ಪ ಸುಳ್ಳು ಹೇಳುವುದಿಲ್ಲ. ಅದು ಉತ್ತಮ ಕೊಳವೆಗೆ ಮಾತ್ರ ಕೂಡುವ ಅಳತೆ. ಪೆಡಲಿನ ಅಚ್ಚಿನ ಕೆಳಗೆ ಕೊರೆದ ಸಂಖ್ಯೆ, ಗಿಯರಿನ ಹಿಂಬದಿಯಲ್ಲಿ ಒತ್ತಿದ ವರ್ಷದ ಗುರುತು, ಎರಡೂ ಒಂದನ್ನೊಂದು ಒಪ್ಪುತ್ತವೆ. ಇಟಲಿ, ಎಪ್ಪತ್ತರ ದಶಕದ ಕೊನೆ.

ಪುಣೆಯ ಇಬ್ಬರು, ಗೋವಾದ ಒಬ್ಬ ಇಂಥವನ್ನು ಮಾರಿದ್ದಾರೆ. ಮೂವರಿಗೂ ಫೋನ್ ಮಾಡಿದೆ. ಮಾರುವವರು ಹಾಕಿದ ಬೆಲೆ ಬೆಲೆಯಲ್ಲ, ಕೈ ಬದಲಾದ ಬೆಲೆ ಮಾತ್ರ ಬೆಲೆ. ಅದನ್ನು ಹೇಳಲು ಮೂವರೂ ಹಿಂದೆಮುಂದೆ ನೋಡಿದರು, ಕೊನೆಗೆ ಹೇಳಿದರು. ಮಾಸಿದರೂ ಮೂಲ ಬಣ್ಣ ಇದ್ದರೆ ಹೆಚ್ಚು, ಹೊಸ ಬಣ್ಣ ಬಳಿದರೆ ಅರ್ಧ. ಕಾರಿಗೆ ಇದರ ತದ್ವಿರುದ್ಧ. ಈ ವಯಸ್ಸಿನಲ್ಲಿ ಹೊಸ ಶಾಸ್ತ್ರವೊಂದು ನಾಲ್ಕೇ ದಿನಕ್ಕೆ ಬಗೆಹರಿದದ್ದು ಖುಷಿ ಕೊಟ್ಟಿತು.

ಸಂಜೆ ಪೂನಮ್ ಫೋನ್ ಬಂದಿತ್ತಂತೆ. ಸುಹಾಸಿನಿ ಮಾತಾಡಿದಳು. ಒಂದನೇ ತಾರೀಖಿಗೇ ಬಂದು ಒಂದು ರಾತ್ರಿ ಅಪ್ಪನ ಕೋಣೆಯಲ್ಲಿ ಮಲಗುತ್ತೇನೆ ಎಂದಳಂತೆ. ಆ ಕೋಣೆಯಲ್ಲಿ ಈಗ ನನ್ನ ಫೈಲುಗಳಿವೆ.

ನವೆಂಬರ್ 17, ರವಿವಾರ

ಪ್ರಮಿಳಾ ಬಂದಿದ್ದಳು. ದೇಸೂರಿನಲ್ಲಿ ಗಂಡನ ಮನೆ, ಹೈಸ್ಕೂಲಿನಲ್ಲಿ ಆಟದ ಶಿಕ್ಷಕಿ, ನಲವತ್ತೈದರ ಹತ್ತಿರ. ನಾನು ತೂಕದ ಯಂತ್ರ, ದಾರ, ಸ್ಕೇಲು ಹರಡಿಕೊಂಡಿದ್ದನ್ನು ಎದೆಯ ಮೇಲೆ ಕೈ ಕಟ್ಟಿ ನೋಡುತ್ತಿದ್ದಳು, ಮಕ್ಕಳು ಸಾಲು ಸರಿಯಾಗಿ ನಿಲ್ಲುತ್ತಾರೋ ಇಲ್ಲವೋ ಎಂದು ನೋಡುವಂತೆ.

ಹಿಂಚಕ್ರದ ಕಡೆಯಿಂದ ಹ್ಯಾಂಡಲ್ ಕೂಡುವ ತಲೆಯವರೆಗೆ ದಾರ ಕಟ್ಟಿ ಚೌಕಟ್ಟು ನೇರ ಇದೆಯೇ ಎಂದು ಪರೀಕ್ಷಿಸಿದೆ. ಎರಡೂ ಪಕ್ಕಕ್ಕೆ ಒಂದೇ ಅಂತರ. ಆಮೇಲೆ ಕೆಳಕೊಳವೆಯ ಅಡಿಯಲ್ಲಿ, ತಲೆಯ ಹಿಂದೆ, ಬೆರಳಾಡಿಸಿದೆ. ಏನು ಹುಡುಕುತ್ತೀರಿ ಎಂದು ಕೇಳಿದಳು. ಎದುರಿನಿಂದ ಜೋರಾಗಿ ಬಡಿದಿದ್ದರೆ ಅಲ್ಲಿ ಉಕ್ಕು ಸಣ್ಣ ಅಲೆಯಂತೆ ಉಬ್ಬುತ್ತದೆ, ಕಣ್ಣಿಗೆ ಕಾಣದು, ಬೆರಳಿಗೆ ಸಿಗುತ್ತದೆ ಎಂದೆ.

"ಸಿಗೂದಿಲ್ರಿ. ನಾ ಬಿದ್ದೀನಿ, ಅದು ಬಿದ್ದಿಲ್ಲ." ತೋಳು ಮಡಚಿ ಮೊಣಕೈ ತೋರಿಸಿದಳು. ಎಲುಬು ಒಂದು ಕಡೆ ಓರೆಯಾಗಿ ಕೂಡಿಕೊಂಡಿದೆ. ಬೀಳುವಾಗ ಸೈಕಲ್ಲನ್ನು ತನ್ನ ಮೇಲೆ ಹಾಕಿಕೊಂಡಿದ್ದಳಂತೆ.

ರಾಜ್ಯದ ತಂಡಕ್ಕೆ ಓಡಿಸಿದವಳು ಇವಳು, ಇದೇ ಸೈಕಲ್ಲಿನ ಮೇಲೆ. ಕ್ಯಾರಿಯರು, ಡೈನಮೋ ರೇಸಿನ ದಿನ ಬಿಚ್ಚುತ್ತಿದ್ದರು, ಮರುದಿನ ಕಟ್ಟುತ್ತಿದ್ದರು. ಖಾನಾಪುರದಿಂದ ಬೆಳಗಿನ ಪ್ಯಾಸೆಂಜರ್ ಹೊರಡುವಾಗ ಇವಳೂ ಹೊರಡಬೇಕು. ಅಪ್ಪ ದೇಸೂರಿನಲ್ಲಿ ಗೇಟ್ ಹಾಕುವುದರೊಳಗೆ ದಾಟಬೇಕು. ಅದೇ ತರಬೇತಿ. ನಿಮಗಾಗಿ ಅವರು ಗೇಟ್ ತಡೆದು ನಿಲ್ಲುತ್ತಿರಲಿಲ್ಲವೇ ಎಂದೆ.

"ಒಂದ ದಿನಾನೂ ಇಲ್ಲ. ನಾ ಆಚೆ ನಿಂತ ಅಳಾಕತ್ರ ಈಚೆ ನಿಂತ ನಗತಿದ್ದ. ನಡಕ ರೈಲ ಹೋಗತಿತ್ತು."

ಮೂಲದ ಚರ್ಮದ ಸೀಟು ಜೋಳದ ಕಣಜದಲ್ಲಿ ಸಿಕ್ಕಿತು, ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟಿದ್ದು. ಇದು ಬೆಲೆಗೆ ಗಣನೀಯವಾಗಿ ಕೂಡುತ್ತದೆ. ಗೇಟಿನ ಕಥೆ ಕೂಡುವುದಿಲ್ಲ. ಹೆಸರುವಾಸಿ ಸವಾರರ ಸೈಕಲ್ಲಿಗೆ ಮಾತ್ರ ಅಂಥದ್ದು ಲೆಕ್ಕಕ್ಕೆ ಬರುತ್ತದೆ.

ಗಿಯರ್ ಪರೀಕ್ಷೆಗೆ ಯಾರಾದರೂ ಓಡಿಸಬೇಕಿತ್ತು. ಪ್ರಮಿಳಾ ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಸಂದಿಯ ತುದಿಯವರೆಗೆ ಹೋಗಿ ತಿರುಗಿ ಬಂದಳು. ಬರುವಾಗ ಅವಳ ಮುಖ ನೋಡುವುದು ಸರಿಯಲ್ಲ ಎನಿಸಿ ಹಿಂಚಕ್ರ ನೋಡಿದೆ. ಚಕ್ರದಲ್ಲಿ ಓಲಾಟ ಇಲ್ಲ.

ಭೀಮಕ್ಕನ ಚಹಾಕ್ಕೆ ಸಕ್ಕರೆ ಸ್ವಲ್ಪ ಹೆಚ್ಚು.

ನವೆಂಬರ್ 22, ಶುಕ್ರವಾರ

ಸಂಖ್ಯೆ ನಿಂತಿತು. ಒಂದು ಲಕ್ಷ ಇಪ್ಪತ್ತು ಸಾವಿರ. ಗೋವಾದವನು ನೋಡದೆಯೇ ಇಷ್ಟಕ್ಕೆ ಒಯ್ಯಲು ಸಿದ್ಧನಿದ್ದಾನೆ, ಆದ್ದರಿಂದ ಇದು ಅಭಿಪ್ರಾಯವಲ್ಲ.

ಒಂದು ಅಭ್ಯಾಸಕ್ಕೆಂದು, ಎಲ್ಲ ಕಳೆಯಬಹುದಾದದ್ದನ್ನು ಕಳೆದು ನೋಡಿದೆ. ಕ್ಯಾರಿಯರಿನ ಹಿಡಿಕೆ ಗೀರಿದ ಬಣ್ಣ, ಕ್ರೋಮಿನ ತುಕ್ಕಿನ ಚುಕ್ಕೆ, ಬದಲಾದ ಬ್ರೇಕಿನ ತಂತಿ, ಹರಿದ ಚೀಟಿ. ಕಠಿಣವಾಗಿ ಕಳೆದೆ, ನನ್ನ ಜನ್ಮದಲ್ಲಿ ಯಾವ ವಾಹನಕ್ಕೂ ಕಳೆಯದಷ್ಟು. ಎಂಬತ್ತೈದು ಸಾವಿರಕ್ಕೆ ಬಂದು ನಿಂತಿತು. ಮತ್ತೊಮ್ಮೆ ಮಾಡಿದೆ. ಎಂಬತ್ತೆರಡು. ಮೂವತ್ತಕ್ಕೆ ಇಳಿಯುವ ಯಾವ ದಾರಿಯೂ ಈ ಸೈಕಲ್ಲಿನಲ್ಲಿ ಇಲ್ಲ. ಅಷ್ಟು ಒಳ್ಳೆಯ ಕೆಲಸ.

ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯಿತು. ನಿಪ್ಪಾಣಿಯ ಟ್ರಕ್ಕಿನ ವರದಿ ಬಾಕಿ ಉಳಿಯಿತು.

ನವೆಂಬರ್ 24, ರವಿವಾರ

ವರದಿಯನ್ನು ಬರೆದೇ ಒಯ್ದಿದ್ದೆ, ಅಂಗಿಯ ಕಿಸೆಯಲ್ಲಿ. ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ಸೈಕಲ್ಲನ್ನು ಇಳಿಸಿ ಕಂಬಕ್ಕೆ ಒರಗಿಸಿದ್ದರು. ನಾನು ಕಾಗದ ತೆಗೆಯುವಷ್ಟರಲ್ಲಿ ಭೀಮಕ್ಕ ಎದ್ದು ಗಂಡನ ಕರಿ ಕಂಬಳಿ ತಂದರು.

ಬಾಯಲ್ಲಿ ಬೇಡ ಎಂದರು. ಕುರಿ ಸಂತೆಯಲ್ಲಿ ದಲಾಲ ಕಂಬಳಿಯ ಕೆಳಗೆ ಕೈ ಹಿಡಿದು ಬೆರಳಿನಲ್ಲಿ ಬೆಲೆ ಹೇಳುತ್ತಾನೆ. ಹಿಡಿದವನಿಗೆ, ಹಿಡಿಸಿಕೊಂಡವನಿಗೆ ಬಿಟ್ಟು ಮೂರನೆಯವನಿಗೆ ಗೊತ್ತಾಗುವುದಿಲ್ಲ. ಈ ಮನೆತನದಲ್ಲಿ ಬೆಲೆ ಮಾತು ನಡೆದದ್ದು ಯಾವಾಗಲೂ ಹಾಗೆ.

"ಅವ್ವಾ, ಇದೇನ ಸಂತಿ ಏನ?" ಎಂದ ಸಂಜಯ, ನನ್ನ ಕಡೆ ನಾಚಿಕೆಯಿಂದ ನೋಡುತ್ತ.

"ಮತ್ತ? ಮಾರಾಕ ನಿಂತೀಯಲ್ಲಪಾ. ಕಿಮ್ಮತ್ತ ಕೂಗಿ ಹೇಳಿದ ಕುರಿ ಹಟ್ಟ್ಯಾಗ ನಿಲ್ಲಂಗಿಲ್ಲ. ಸಾಹೇಬ್ರ, ಬೆರಳಿಗೆ ಎಷ್ಟ ಇಡೂಣ್ರಿ?"

"ಹತ್ತು ಸಾವಿರ," ಎಂದೆ.

ಒಂದು ಬೆರಳು ಹಿಡಿದರೆ ಹತ್ತು ಸಾವಿರ. ಇಡೀ ಪಂಜ ಹಿಡಿದರೆ ಐವತ್ತು. ನನ್ನ ಸಂಖ್ಯೆಗೆ ಎರಡು ಸಲ ಪಂಜ, ಮೇಲೆ ಎರಡು ಬೆರಳು. ಸರಳ. ಸಂಜಯ ಎದುರು ಕೂತು ಕೈ ಒಳಗೆ ಚಾಚಿದ. ಕಂಬಳಿ ಭಾರವಾಗಿತ್ತು, ಕುರಿಯ ವಾಸನೆ, ಒಳಗೆ ಬೆಚ್ಚಗೆ. ಹೊರಗಿನ ಗಂಡಸಿನ ಕೈಯನ್ನು ನಾನು ಹೀಗೆ ಹಿಡಿದದ್ದು ನೆನಪಿಲ್ಲ. ಅವನ ಅಂಗೈ ಬೆವರಿತ್ತು. ನಾನು ಅವನ ಎರಡು ಬೆರಳು ಹಿಡಿದೆ, ಒತ್ತಿದೆ, ಬಿಟ್ಟೆ.

ಕೈ ಹೊರಗೆ ತೆಗೆದೆ.

ಸಂಜಯ ದೊಡ್ಡದಾಗಿ ಉಸಿರು ಬಿಟ್ಟು ಗೋಡೆಗೆ ಒರಗಿದ. ಅವನ ಮುಖದಲ್ಲಿ ನಿರಾಸೆಗಿಂತ ನಿರಾಳವೇ ಹೆಚ್ಚಿತ್ತು. ಜಗಳ ಆಡಬೇಕಾಗಿಲ್ಲದವನ ಮುಖ.

ನಂತರ ಪ್ರಮಿಳಾ ಕೂತಳು. ಅವಳ ಕೈ ಒಣಗಿತ್ತು, ಗಟ್ಟಿ. ಅದೇ ಎರಡು ಬೆರಳು ಹಿಡಿದರೆ ಮುಗಿಯುತ್ತಿತ್ತು. ಆದರೆ ಸರಿಯಾದ ಅಂದಾಜು ಯಾರಾದರೂ ಒಬ್ಬರಿಗೆ ಮುಟ್ಟಬೇಕು, ಇಲ್ಲದಿದ್ದರೆ ಇಷ್ಟು ದಿನದ ಕೆಲಸಕ್ಕೆ ಅರ್ಥವಿಲ್ಲ. ಪಂಜ ಹಿಡಿದೆ. ಬಿಟ್ಟು ಮತ್ತೆ ಪಂಜ ಹಿಡಿದೆ. ಆಮೇಲೆ ಎರಡು ಬೆರಳು.

ಅವಳು ಕೈ ಎಳೆದುಕೊಳ್ಳಲಿಲ್ಲ. ಅಣ್ಣನ ಮುಖ ನೋಡಿದಳು, ಗೋಡೆಗೆ ಒರಗಿದ ಅವನ ಬೆನ್ನು ನೋಡಿದಳು. ಆಮೇಲೆ ನನ್ನನ್ನು.

"ಸಾಹೇಬ್ರ, ಅಣ್ಣಗ ಇದನ್ನ ಹೇಳಿದ್ರೇನು?"

ಕಂಬಳಿಯ ಕೆಳಗಿನದನ್ನು ಕೇಳುವ ಪದ್ಧತಿ ಇಲ್ಲ. ಅವಳು ಕೇಳಿದಳು, ಮತ್ತು ನನ್ನ ಮೌನವನ್ನು ಉತ್ತರವೆಂದು ತೆಗೆದುಕೊಂಡಳು.

"ಒಂದ ಲಕ್ಷ ಇಪ್ಪತ್ತ ಸಾವಿರ ಐತಿ ಅಣ್ಣಾ ಇದು."

ಸಂಜಯ ತನ್ನ ಎರಡು ಬೆರಳುಗಳನ್ನು ನೋಡಿಕೊಂಡ. "ನನಗ ಎರಡ ಬೆರಳ ಹಿಡದ್ರಲ್ಲರೀ."

"ಹೌದು," ಎಂದೆ. ಕಿಸೆಯಿಂದ ಕಾಗದ ತೆಗೆದು ಅವನ ಮುಂದೆ ಇಟ್ಟೆ. ಅದರಲ್ಲಿ ಸರಿಯಾದ ಸಂಖ್ಯೆಯೇ ಇತ್ತು, ಸಹಿಯೊಡನೆ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಲೆಕ್ಕ ಹಾಕುತ್ತಿದ್ದ. ಮಾರೋಣ, ನಿನ್ನ ಅರುವತ್ತು ನಿನಗೆ, ನನಗೆ ಒಂದು ಪೈಸೆ ಹೆಚ್ಚು ಬೇಡ ಎಂದು ತಂಗಿಗೆ ಹೇಳಿದ. ಅನ್ಯಾಯದ ಮಾತೇನೂ ಅಲ್ಲ. ಪ್ರಮಿಳಾ ಅವನಿಗೆ ಉತ್ತರ ಕೊಡದೆ ನನ್ನ ಕಡೆ ತಿರುಗಿದಳು.

"ನನಗ ದಯಾ ಮಾಡಾಕ ಹೋದ್ರಿ. ನಾ ಕೇಳಿದ್ನೇನ್ರಿ?" ಎಂದಳು, ದನಿ ಏರಿಸದೆ. ನಂತರ ಅಣ್ಣನಿಗೆ: "ಅಪ್ಪನ ಸೈಕಲ್ ಅಂತ ಕೇಳಿದ್ನಿ, ಹೊಲದ ಮಾತ ಎತ್ತಿದ್ದಿಲ್ಲ. ನೀ ಅದಕ್ಕ ಕಿಮ್ಮತ್ತ ಕಟ್ಟಿಸಿದಿ. ಕಟ್ಟೂದಾದ್ರ ಎಲ್ಲಾಕ್ಕೂ ಕಟ್ಟೂಣು. ಹೊಲಾನೂ ತಾ ಕಂಬಳಿ ಕೆಳಗ. ಮನೀನೂ ತಾ."

"ಹೊಲಾ ಹೆಂಗ ತರ್ಲಿ?" ಎಂದ ಸಂಜಯ. ನಗೆಯಾಡಲು ನೋಡಿದ, ಯಾರೂ ನಗಲಿಲ್ಲ.

ಭೀಮಕ್ಕ ಕಂಬಳಿಯನ್ನು ಮಡಚುತ್ತಿದ್ದವರು ನಿಲ್ಲಿಸಿದರು. ಮತ್ತೆ ಅದನ್ನು ನೆಲದ ಮೇಲೆ ಪೂರಾ ಹರವಿದರು.

"ಕಂಬಳಿ ದೊಡ್ಡದ ಐತಿ ತೊಗೋ. ನನ್ನ ಪಾಲೂ ಅದರಾಗ ಹಿಡೀತೈತಿ."

ಪ್ರಮಿಳಾ ಸ್ಪ್ರಿಂಗಿನ ಸೀಟು ಬಿಚ್ಚಿ ಚರ್ಮದ್ದನ್ನು ಕೂಡಿಸಿದಳು, ಗಾಳಿ ನೋಡಿದಳು, ಸಂಜಯ ನೋಡುತ್ತಿರುವಂತೆಯೇ ಸೈಕಲ್ಲು ಹೊರಗೆ ತೆಗೆದು ಖಾನಾಪುರದ ದಾರಿ ಹಿಡಿದಳು. ಅವನು ತಡೆಯಲಿಲ್ಲ. ಹಿಂದಿನಿಂದ ಬಂದ ನನ್ನ ಕಾರು ಅವಳನ್ನು ದಾಟಿದ್ದು ಊರಿನಿಂದ ಬಹಳ ದೂರದಲ್ಲಿ, ಅದೂ ಏರಿನಲ್ಲಿ. ಅವಳು ತಿರುಗಿ ನೋಡಲಿಲ್ಲ.

ನವೆಂಬರ್ 25, ಸೋಮವಾರ

ನಾನು ಹಿಡಿದ ಎರಡು ಬೆರಳು ಸುಳ್ಳಲ್ಲ. ಪಂಜಗಳನ್ನಷ್ಟೇ ಬಿಟ್ಟಿದ್ದೆ. ಅದು ಅಂದಾಜಿನ ತಪ್ಪಲ್ಲ.

ನಿಪ್ಪಾಣಿಯ ಟ್ರಕ್ಕು ಮುಗಿಯಿತು. ಊಟಕ್ಕೆ ಕೂತಾಗ ಸುಹಾಸಿನಿಗೆ ನಮ್ಮ ನಗರದಲ್ಲಿ ಈಗ ಚದರ ಅಡಿಗೆ ಎಷ್ಟು ನಡೆಯುತ್ತಿದೆ ಎಂದು ಕೇಳಿದೆ. ಯಾಕೆ ಎಂದಳು. ಸುಮ್ಮನೆ ಎಂದೆ. ಅವಳು ನನ್ನ ತಟ್ಟೆಗೆ ಅನ್ನ ಬಡಿಸುತ್ತ ಸಂಖ್ಯೆ ಹೇಳಿದಳು. ಅವಳಿಗೆ ಗೊತ್ತಿತ್ತು.

ನವೆಂಬರ್ 28, ಗುರುವಾರ

ಸಂಜಯ ಫೋನ್ ಮಾಡಿದ್ದ. ಇವತ್ತು ಆಗಬೇಕಿದ್ದ ಸಹಿ ಆಗಲಿಲ್ಲ. ಹೊಲ, ಮನೆ ಮೂರು ಪಾಲು; ಸೈಕಲ್ಲು ಒಂದು ಲಕ್ಷ ಇಪ್ಪತ್ತು ಸಾವಿರವೆಂದೇ ಹಿಡಿದು ಪ್ರಮಿಳಾಳ ಪಾಲಿನಲ್ಲಿ. ಅವಳು ನನ್ನ ಸಂಖ್ಯೆಗೆ ಒಂದು ರೂಪಾಯಿಯ ಚೌಕಾಸಿಯನ್ನೂ ಮಾಡಲಿಲ್ಲವಂತೆ.

"ನಿಮ್ಮನ್ನ ಕರದ ನನಗ ತುಟ್ಟಿ ಆತ್ರಿ," ಎಂದ. ದನಿಯಲ್ಲಿ ಸಿಟ್ಟು ಇತ್ತು, ಪೂರ್ತಿ ಇರಲಿಲ್ಲ. ಹೊಲಕ್ಕೆ ಬೆಲೆ ಕಟ್ಟಲು ಬರುತ್ತೀರಾ ಎಂದು ಅವನೇ ಕೇಳಿದ. ಭೂಮಿ ನನ್ನ ಲೈಸೆನ್ಸಿನಲ್ಲಿ ಬರುವುದಿಲ್ಲ ಎಂದೆ. ಬಲ್ಲವರೊಬ್ಬರ ನಂಬರ್ ಕೊಟ್ಟೆ. ಅದೇ ನಂಬರಿಗೆ ಆಮೇಲೆ ನಾನೂ ಫೋನ್ ಮಾಡಿದೆ. ಮನೆಗಳ ವಿಷಯದಲ್ಲಿ ಒಂದೆರಡು ಸಂದೇಹ ಇದ್ದವು.

ವಕೀಲರಿಗೆ ನಮ್ಮ ಮನೆಯ ಸಹಿ ಸೋಮವಾರ, ಎರಡಕ್ಕೆ, ಬೇಡ ಎಂದು ಹೇಳಿದ್ದೇನೆ. ಕರಡಿನಲ್ಲಿ ಮನೆಯ ಅಳತೆಯೇ ಇಲ್ಲ. ಅಳತೆ ಇಲ್ಲದ ಕಾಗದವನ್ನು ನಾನು ಒಪ್ಪಿದ್ದು ಹೇಗೋ.

ಡಿಸೆಂಬರ್ 1, ರವಿವಾರ

ಪೂನಮ್ ಹನ್ನೊಂದರ ಹೊತ್ತಿಗೆ ಬಂದಳು. ಫೈಲುಗಳನ್ನು ಅಪ್ಪನ ಕೋಣೆಯಿಂದ ತೆಗೆಸಿದ್ದೆ. ಕೈಕಾಲು ತೊಳೆದುಕೊಳ್ಳುವ ಮೊದಲೇ ಅವಳು ಪೆನ್ನು ತಂದಿದ್ದೇನೆ ಎಂದು ತಮಾಷೆ ಮಾಡಿದಳು. ನಾನು ಉಕ್ಕಿನ ಟೇಪು ಹಿಡಿದು ನಿಂತಿದ್ದೆ.

"ಸಹಿ ಮಾಡಾಕ ಬಂದೀನಿ ಅಣ್ಣಾ, ಅಳಿಯಾಕ ಅಲ್ಲ."

"ಅಳತಿ ಇಲ್ದ ನಾ ಎಂದೂ ಬರದಿಲ್ಲ. ಈ ತುದಿ ಹಿಡಿ," ಎಂದೆ.

ಹಿಡಿದಳು. ಮೊದಲು ಅಡುಗೆಮನೆ. ಸುಹಾಸಿನಿ ಒಲೆಯ ಮುಂದಿನಿಂದ ಸರಿದು ಜಾಗ ಕೊಟ್ಟಳು. ಆಮೇಲೆ ಅಪ್ಪನ ಕೋಣೆ. ಪೂನಮ್ ಗೋಡೆಗೆ ಟೇಪು ಒತ್ತಿ ಹಿಡಿದು, ಇಲ್ಲಿ ನಿನ್ನ ಫೈಲಿನ ಧೂಳು ಐತಿ ಎಂದಳು. ನಾನು ಓದಿದ ಅಂಕಿಗಳನ್ನು ಬರೆದುಕೊಂಡೆ. ಕೊನೆಗೆ ಪಡಸಾಲೆ, ಇರುವುದರಲ್ಲಿ ದೊಡ್ಡದು. ಅವಳು ಬಾಗಿಲ ಕಡೆ, ನಾನು ಕಿಟಕಿಯ ಕಡೆ, ಟೇಪು ಪೂರ್ತಿ ಎಳೆದು.

"ಇದೆಲ್ಲಾ ಆದ ಮ್ಯಾಲ ಏನ ಮಾಡ್ತಿ?" ಎಂದು ಅಲ್ಲಿಂದಲೇ ಕೇಳಿದಳು.

"ಎರಡು ಭಾಗ," ಎಂದೆ, ಟೇಪಿನ ಮೇಲಿನ ಅಂಕಿಯನ್ನು ಓದುತ್ತ.

ಅವಳು ತುದಿಯನ್ನು ಬಿಟ್ಟುಬಿಟ್ಟಳು. ಇಷ್ಟುದ್ದ ಉಕ್ಕು ಸಿಳ್ಳೆ ಹಾಕಿಕೊಂಡು ಬಂದು ನನ್ನ ಹೆಬ್ಬೆರಳ ಗೆಣ್ಣಿಗೆ ಬಡಿಯಿತು. ರಕ್ತ ಸ್ವಲ್ಪ ಬಂತು. ಅರಿಸಿನ ತಂದವಳು ಸುಹಾಸಿನಿ. ಪೂನಮ್ ಬಾಗಿಲಲ್ಲಿಯೇ ನಿಂತಿದ್ದಳು, ಆ ಕಡೆ ಮುಖ ಮಾಡಿ.

ಟೇಪಿನ ಸ್ಪ್ರಿಂಗ್ ಹಳೆಯದಾದರೂ ಗಟ್ಟಿ ಇದೆ. ಪಡಸಾಲೆಯ ಅಂಕಿ ಬರೆದುಕೊಳ್ಳುವುದಾಗಲಿಲ್ಲ, ನಾಳೆ ಇಬ್ಬರೂ ಮತ್ತೊಮ್ಮೆ ಹಿಡಿಯಬೇಕು.